ಕಂಬದ ಮರೆಯ ಪಿಟೀಲು

ನನ್ನ ಅಂಗಡಿಯಲ್ಲಿ ಹಾಡು ಸಿಗುವುದಿಲ್ಲ, ಹಾಡಿನ ಕಾಗದ ಸಿಗುತ್ತದೆ. ಇದನ್ನು ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ ಹಾಕಿದ್ದೇನೆ. ಆದರೂ ವಾರಕ್ಕೊಬ್ಬರಾದರೂ ಒಳಗೆ ಬಂದು ಸಿ.ಡಿ. ಇದೆಯೇ ಎಂದು ಕೇಳುತ್ತಾರೆ. ಹೊರಗೆ ಹೋಗಿ ಬಾಗಿಲು ಓದಿಕೊಂಡು ಬನ್ನಿ ಎನ್ನುತ್ತೇನೆ. ಕೆಲವರು ಓದಿಕೊಂಡು ಬರುತ್ತಾರೆ, ಹೆಚ್ಚಿನವರು ಹಾಗೇ ಹೋಗಿಬಿಡುತ್ತಾರೆ.

ಒಳಗೆ ಮೂರು ಕಪಾಟುಗಳಿವೆ. ಎಡಗಡೆಯದು ಶಾಸ್ತ್ರೀಯ, ನಡುವಿನದು ಹಬ್ಬ ಮತ್ತು ರಜಾದಿನಗಳ ಹಾಡು, ಬಲಗಡೆಯದು ಸಿನಿಮಾ. ಪಿಯಾನೋ, ಪಿಟೀಲು, ಕೊಳಲು, ಯಾವುದಕ್ಕೆ ಬೇಕೋ ಅದಕ್ಕೆ ಸ್ವರ ಬರೆದ ಹಾಳೆ ತೆಗೆದು ಕೊಡುತ್ತೇನೆ. ಹಾಡಿನ ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಗಿರಾಕಿ ಒಂದು ಸಾಲು ಗುನುಗಿದರೆ ಸಾಕು. ಮೂವತ್ತೊಂದು ವರ್ಷದಲ್ಲಿ ನಾನು ಹಿಡಿಯಲಾಗದೆ ಹೋದದ್ದು ಎರಡೇ. ಒಂದನ್ನು ಗಿರಾಕಿ ಆಗಷ್ಟೇ ತಾನೇ ಕಟ್ಟಿದ್ದ. ಇನ್ನೊಂದು ಹಾಡೇ ಅಲ್ಲ, ಅವನ ಮನೆಯ ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಬರುವ ಸದ್ದು.

ಗುನುಗಿದ್ದು ತಪ್ಪಿದ್ದರೆ ತಿದ್ದುತ್ತೇನೆ. ಬೀದಿಯವರು ನನಗೆ ತಿದ್ದುಪಡಿ ಎಂದೇ ಹೆಸರಿಟ್ಟಿದ್ದಾರೆ. ನನ್ನ ಹೆಂಡತಿಯ ಪ್ರಕಾರ ನಾನು ಹೆಣದ ಮುಂದೆ ಅಳುವವರ ಶ್ರುತಿಯನ್ನೂ ತಿದ್ದುವವನು. ಅದು ಆದದ್ದು ಒಂದೇ ಸಲ, ಅದೂ ಅವಳ ಚಿಕ್ಕಮ್ಮನ ಮನೆಯಲ್ಲಿ.

ಹೊಲಿಗೆಯಮ್ಮ ಬಂದದ್ದು ಒಂದು ಸೋಮವಾರ. ಎರಡು ಬೀದಿ ಆಚೆ ಅವರ ಹೊಲಿಗೆ ಅಂಗಡಿ. ನನ್ನ ಪ್ಯಾಂಟುಗಳನ್ನು ವರ್ಷಕ್ಕೊಮ್ಮೆ ಸೊಂಟದ ಹತ್ತಿರ ಬಿಚ್ಚಿ ಅಗಲ ಮಾಡಿಕೊಡುವವರು ಅವರೇ. ಎಪ್ಪತ್ತು ದಾಟಿದೆ. ಕುತ್ತಿಗೆಯಲ್ಲಿ ಅಳತೆಯ ಟೇಪನ್ನು ಹಾಕಿಕೊಂಡೇ ಬಂದಿದ್ದರು. ಗಂಡ ತೀರಿಕೊಂಡು ಐದು ತಿಂಗಳಾಗಿತ್ತು. ಆತ ಊರಿನ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದರು. ಅಲ್ಲಿ ಹಾಳೆಗಳನ್ನು ವೃಂದದವರೇ ಕೊಟ್ಟು ವಾಪಸು ಪಡೆಯುವುದರಿಂದ ಆತ ನನ್ನ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ.

ಈಕೆ ಸಂಜೆ ಹೊಲಿಯುತ್ತಿದ್ದರೆ ಆತ ಎದುರಿಗೆ ಕೂತು ಅಭ್ಯಾಸ ಮಾಡುತ್ತಿದ್ದರಂತೆ. ಅದರಲ್ಲಿ ಒಂದು ಹಾಡು ಮೂವತ್ತು ವರ್ಷ ನಡೆದಿತ್ತು. ಹೆಸರು ಗೊತ್ತಿಲ್ಲ, ಕೇಳಿದವರೂ ಅಲ್ಲ. ಅದರ ಕಾಗದ ಬೇಕು ಎಂದರು. ಓದಲು ಬರುತ್ತದೆಯೇ ಎಂದು ಕೇಳಿದೆ. ಬರುವುದಿಲ್ಲವಂತೆ.

"ಮರೀತಾ ಇದ್ದೀನಪ್ಪಾ," ಎಂದರು. "ಮೊದಲು ಪೂರ್ತಿ ಬರ್ತಿತ್ತು. ಈಗ ಕೊನೇದು ಜಾರ್ತಾ ಇದೆ. ಕಾಗದದಲ್ಲಿದ್ರೆ ಎಲ್ಲಿಗೂ ಹೋಗಲ್ಲ ಅಲ್ವಾ? ಯಾರ ಕೈಲಾದ್ರೂ ನುಡಿಸಿ ಕೇಳ್ಕೋತೀನಿ."

ಗುನುಗಿ ಎಂದೆ. ಗುನುಗಿದರು. ನನಗೆ ಅದರ ತಲೆಬುಡ ಗೊತ್ತಾಗಲಿಲ್ಲ. ಮೂರು ಸ್ವರಗಳ ಮೇಲೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಹೀಗೆ ಹೋಗುತ್ತ ಹೋಗುತ್ತ ನಡುವೆ ಬಾಯಿ ಮುಚ್ಚಿದರು. ನನ್ನ ಮುಖವನ್ನೇ ನೋಡುತ್ತ ಎಷ್ಟೋ ಹೊತ್ತು ಸುಮ್ಮನೆ ಕೂತರು. ಆಮೇಲೆ ಬಲಗೈಯ ತೋರುಬೆರಳನ್ನು ಮೇಲಕ್ಕೆತ್ತಿ ಮತ್ತೆ ಶುರು ಮಾಡಿದರು. ನಡುವೆ ಮರೆತುಹೋಗಿ, ಈಗ ನೆನಪಾಯಿತು ಎಂದು ಬೆರಳೆತ್ತಿದರು ಎಂದುಕೊಂಡೆ.

ಮುಗಿದ ಮೇಲೆ ತಿದ್ದಿದೆ. ಇದು ಒಂದು ಹಾಡಲ್ಲ, ಎರಡು ಮೂರು ಹಾಡು ಕಲಸಿಹೋಗಿದೆ, ನಡುವಿನದಂತೂ ಪೂರ್ತಿ ಮರೆತಿದ್ದೀರಿ, ಮನೆಗೆ ಹೋಗಿ ಸರಿಯಾಗಿ ನೆನಪು ಮಾಡಿಕೊಂಡು ಬನ್ನಿ ಎಂದೆ. ಹಾಗಿರಬಹುದು ಎಂದು ಅವರು ಎದ್ದು ಹೋದರು. ನಾನು ಕಾಫಿ ಕುಡಿದೆ.

ಮುಂದಿನ ಸೋಮವಾರ ಮತ್ತೆ ಬಂದರು. ಈ ಸಲ ಕೊನೆಯ ಭಾಗ ಇರಲೇ ಇಲ್ಲ. ಇದ್ದದ್ದನ್ನು ಗುನುಗುವಾಗಲೂ ಮೂರು ಮೂರು ಕಡೆ ನಿಂತು, ಇಲ್ಲಿ ಹೀಗೋ ಹಾಗೋ ಎಂದು ನನ್ನನ್ನೇ ಕೇಳಿದರು. ಹಿಂದಿನ ವಾರ ಈ ಅನುಮಾನ ಇರಲಿಲ್ಲ. ಅವರು ಹೋದ ಮೇಲೆ ಒಳಗಿನಿಂದ ನನ್ನ ಹೆಂಡತಿ ಬಂದು ನಿಂತಳು.

"ನೀವು ತಪ್ಪು ಅಂದ್ರಿ, ಅದಕ್ಕೇ ಬಿಟ್ಟುಹೋಗ್ತಿದೆ," ಎಂದಳು. "ಅವರ ಹತ್ರ ಉಳಿದಿದ್ದೇ ಅದೊಂದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವಾರ ನನಗೆ ಊಟ ರುಚಿಸಲಿಲ್ಲ, ನಾಚಿಕೆಯಾಗಿತ್ತು. ಪುಣ್ಯಕ್ಕೆ ಎರಡನೆಯ ಸಲ ಅವರು ಗುನುಗಿದಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಅವರು ನಡುವೆ ಸುಮ್ಮನಿದ್ದ ಹೊತ್ತಿನಲ್ಲಿ ಪೆನ್ಸಿಲ್ ಕೈಯಲ್ಲಿದ್ದ ತಪ್ಪಿಗೆ ತಾಳಕ್ಕೊಂದರಂತೆ ಚುಕ್ಕಿ ಇಟ್ಟಿದ್ದೆ. ಅದನ್ನು ಹಿಡಿದು ಮೂರೂ ಕಪಾಟುಗಳನ್ನು ಜಾಲಾಡಿದೆ. ಶಾಸ್ತ್ರೀಯದಲ್ಲಿ ಇರಲಿಲ್ಲ. ಹಬ್ಬದ ಕಪಾಟಿನಲ್ಲಿ ಗಂಟೆ ಬಾರಿಸುವ ಹಾಡುಗಳೇ ನಲವತ್ತೆರಡು ಸಿಕ್ಕವು, ಯಾವುದೂ ಇದಲ್ಲ. ಸಿನಿಮಾದ ಕಪಾಟನ್ನು ಎರಡು ಸಲ ನೋಡಿದೆ. ಗುರುತಿನ ಪಿಯಾನೋ ಮೇಷ್ಟ್ರೊಬ್ಬರಿಗೆ ಫೋನಿನಲ್ಲಿ ಗುನುಗಿ ತೋರಿಸಿದೆ. ಅವರು ನನ್ನ ಆರೋಗ್ಯ ವಿಚಾರಿಸಿದರು.

ಮೂರನೆಯ ಸೋಮವಾರ ಹೊಲಿಗೆಯಮ್ಮನ ಹತ್ತಿರ ಮೊದಲ ತುಂಡು, ಆ ಮೌನ, ಅದರಾಚೆ ನಾಲ್ಕು ಸ್ವರ, ಅಷ್ಟೇ ಉಳಿದಿತ್ತು. ನಾನು ಮತ್ತೆ ಚುಕ್ಕಿ ಇಡುತ್ತ ಹೋದೆ. ಅವರು ಬೆರಳೆತ್ತಿದಾಗ ನಿಲ್ಲಿಸಿ ಎಣಿಸಿದೆ. ಹದಿನಾರು. ಹಿಂದಿನ ವಾರದ್ದನ್ನು ಎಣಿಸಿದೆ. ಅದೂ ಹದಿನಾರು. ಮರೆವು ಹೀಗೆ ತಾಳ ಹಾಕಿಕೊಂಡು ಬರುವುದಿಲ್ಲ. ಈಕೆ ಏನನ್ನೂ ಮರೆತಿರಲಿಲ್ಲ. ಆ ಜಾಗದಲ್ಲಿ ಹದಿನಾರು ಎಣಿಕೆ ಸುಮ್ಮನಿರಬೇಕು ಎಂದು ಹಾಳೆಯಲ್ಲೇ ಬರೆದಿತ್ತು.

ಹಾಡುವ ಪಿಟೀಲು ಅಷ್ಟು ಹೊತ್ತು ಸುಮ್ಮನಿರುವುದಿಲ್ಲ. ಯಜಮಾನರು ಎಲ್ಲಿ ಕೂರುತ್ತಿದ್ದರು ಎಂದು ಕೇಳಿದೆ.

"ಹಿಂದಿನ ಸಾಲಲ್ಲಿ, ಕಂಬದ ಮರೇಲಿ," ಎಂದರು. "ಪ್ರತಿ ವರ್ಷ ಟಿಕೆಟ್ ತಗೊಂಡು ಹೋಗ್ತಿದ್ದೆ. ಮೊಣಕೈ ಮಾತ್ರ ಕಾಣ್ತಿತ್ತು. ಆದ್ರೆ ಅಲ್ಲಿ ಇವರು ಮನೇಲಿ ನುಡಿಸಿದ್ದನ್ನ ನುಡಿಸ್ತಾನೇ ಇರಲಿಲ್ಲ. ಬೇರೆ ಏನೋ ಇರ್ತಿತ್ತು."

ಎರಡನೇ ಪಿಟೀಲು. ಮೂವತ್ತೊಂದು ವರ್ಷ ಈ ಕಸುಬಿನಲ್ಲಿದ್ದು ಇದು ಹೊಳೆಯಲು ನನಗೆ ಮೂರು ವಾರ ಬೇಕಾಯಿತು. ಹಾಡನ್ನು ಹಾಡುವುದು ಮೊದಲ ಪಿಟೀಲಿನವರು. ಎರಡನೆಯವರು ಕೆಳಗಿನಿಂದ ಅದಕ್ಕೆ ಆಸರೆ ಕೊಡುತ್ತಾರೆ. ಕೋಟಿನ ಒಳಗಿನ ಅಸ್ತರಿನ ಹಾಗೆ ಎಂದು ಅವರಿಗೆ ವಿವರಿಸಿದೆ. ಅವರ ಮನೆಯಲ್ಲಿ ಮೂವತ್ತು ವರ್ಷ ಕೇಳಿಸಿದ್ದು ಅಸ್ತರು ಮಾತ್ರ. ಅವರಿಗೆ ತಕ್ಷಣ ಅರ್ಥವಾಯಿತು.

"ಹಾಗಾದ್ರೆ ಅಸ್ತರು ತೋರಿಸಿ, ಇದು ಯಾವ ಕೋಟು ಅಂತ ನಿಮ್ಮನ್ನ ಕೇಳಿದ್ದೀನಿ," ಎಂದರು.

ಎಲ್ಲ ವಾದ್ಯಗಳ ಸ್ವರಗಳನ್ನೂ ಒಂದರ ಕೆಳಗೊಂದು ಅಚ್ಚು ಹಾಕಿದ ದಪ್ಪ ಪುಸ್ತಕಗಳು ನನ್ನಲ್ಲಿ ಒಂದು ಗೋಡೆಯಷ್ಟಿವೆ. ಅವುಗಳನ್ನು ಇಳಿಸಿ, ಎಲ್ಲದರಲ್ಲೂ ಎರಡನೇ ಪಿಟೀಲಿನ ಸಾಲನ್ನು ಮಾತ್ರ ಓದುತ್ತ ಹೋದೆ. ನಾಲ್ಕನೆಯ ದಿನ ಸಿಕ್ಕಿತು. ಅದು ಒಂದು ಹಳೆಯ ಶಾಸ್ತ್ರೀಯ ನೃತ್ಯದ ಸಂಗೀತ. ಅದನ್ನೇ ಎತ್ತಿ ಒಂದು ಸಿನಿಮಾಕ್ಕೆ ಹಾಕಿದ್ದರು. ಸಿನಿಮಾ ಓಡಿದ ಮೇಲೆ, ಗಂಟೆಯ ಸದ್ದು ಸೇರಿಸಿ ವರ್ಷದ ಕೊನೆಯ ರಜೆಯ ಹಾಡು ಮಾಡಿದ್ದರು. ನನ್ನ ಮೂರೂ ಕಪಾಟುಗಳಲ್ಲಿ ಮೂರು ಹೆಸರಿನಲ್ಲಿ ಅದೇ ಕೂತಿತ್ತು. ಆ ವಾರವೇ ನಾಲ್ಕು ಪ್ರತಿ ಮಾರಿದ್ದೆ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಮಾರುವ ಹಾಳೆಗಳಲ್ಲಿ ಬರೀ ಕೋಟು ಇರುತ್ತದೆ, ಅಸ್ತರು ಇರುವುದಿಲ್ಲ. ಅದಕ್ಕೇ ವಾದ್ಯವೃಂದದ ಮೇಷ್ಟ್ರನ್ನು ಹೋಗಿ ಕಂಡೆ. ಅವರು ಬೀರು ತೆಗೆದು, ಅಂಚು ಸವೆದ ಒಂದು ಹಾಳೆ ಕೊಟ್ಟರು. ಹೊಲಿಗೆಯಮ್ಮನ ಯಜಮಾನರು ಮೂವತ್ತು ವರ್ಷ ನೋಡಿ ನುಡಿಸಿದ್ದು ಅದನ್ನೇ. ಹೊಸ ಪ್ರತಿ ಮಾಡಿಕೊಂಡಿದ್ದೇವೆ, ಇದನ್ನು ಅಮ್ಮ ಇಟ್ಟುಕೊಳ್ಳಲಿ ಎಂದರು. ಆಮೇಲೆ ದನಿ ತಗ್ಗಿಸಿ, ಆತ ಒಳ್ಳೆಯ ಮನುಷ್ಯ, ಆದರೆ ಆ ಹದಿನಾರು ಎಣಿಕೆಯ ಜಾಗದಲ್ಲಿ ಪ್ರತಿ ವರ್ಷವೂ ತಪ್ಪುತ್ತಿದ್ದರು ಎಂದರು. ಒಂದು ವರ್ಷ ಮುಂಚೆ ಶುರು, ಇನ್ನೊಂದು ವರ್ಷ ತಡ. ಎಣಿಸುವುದು ಬಿಟ್ಟು ಸಭೆಯಲ್ಲಿ ಯಾರನ್ನೋ ಹುಡುಕುತ್ತಿದ್ದರಂತೆ. ಕಂಬದ ಮರೆಗೆ ಹಾಕಿದ್ದು ಅದಕ್ಕೇ. ಅಲ್ಲಿಂದಲೂ ಬಗ್ಗಿ ಬಗ್ಗಿ ನೋಡುತ್ತಿದ್ದರಂತೆ.

ಗುರುವಾರದ ಅಭ್ಯಾಸಕ್ಕೆ ಹೊಲಿಗೆಯಮ್ಮನನ್ನು ಕರೆದುಕೊಂಡು ಹೋದೆ. ಮಡಿಸುವ ಕುರ್ಚಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತೆವು. ನಲವತ್ತು ಜನ ಸೇರಿ ಪೂರ್ತಿ ಹಾಡು ನುಡಿಸಿದರು. ಆಕೆ ಮರ್ಯಾದೆಯಿಂದ ಕೇಳಿದರು.

"ಚೆನ್ನಾಗಿದೆ," ಎಂದರು. "ಆದ್ರೆ ಇದಲ್ಲ."

ಮೇಷ್ಟ್ರು ಎಲ್ಲರನ್ನೂ ಸುಮ್ಮನಿರಿಸಿ, ಈಗ ಆತನ ಜಾಗದಲ್ಲಿ ಕೂರುವ ಹೆಂಗಸನ್ನು ಮುಂದೆ ಕರೆದು ಒಬ್ಬರೇ ನುಡಿಸಲು ಹೇಳಿದರು. ಮೂರು ಸ್ವರ ಹತ್ತಿತು, ಇಳಿಯಿತು, ಮತ್ತೆ ಹತ್ತಿತು. ಹೊಲಿಗೆಯಮ್ಮನ ಕೈ ಅಳತೆಯ ಟೇಪನ್ನು ಹಿಡಿದುಕೊಂಡಿತು. ಮೌನದ ಜಾಗ ಬಂತು. ಪಿಟೀಲಿನಾಕೆ ಕಮಾನು ಇಳಿಸಿ ತುಟಿಯಲ್ಲೇ ಎಣಿಸತೊಡಗಿದರು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಗಾಬರಿಯಾಗಿರಬೇಕು, ತುಟಿ ನಿಂತಿತು, ಲೆಕ್ಕ ತಪ್ಪಿತು. ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಎಣಿಸುತ್ತಿರಲಿಲ್ಲ. ನಾನೂ ಎಣಿಸುತ್ತಿರಲಿಲ್ಲ.

ಹೊಲಿಗೆಯಮ್ಮ ಬೆರಳೆತ್ತಿದರು. ಕಮಾನು ತಂತಿಯ ಮೇಲೆ ಬಿತ್ತು. ಮಿಕ್ಕಿದ್ದು ಕೊನೆಯ ಸ್ವರದವರೆಗೆ ಬಂತು, ಜಾರಿದ್ದ ಭಾಗವೂ ಬಂತು. ಆಕೆ ಅತ್ತರು. ನನಗೂ ಕಣ್ಣು ತುಂಬಿತು.

ಹಾಳೆ ಹಿಡಿದುಕೊಂಡು ವಾಪಸು ನಡೆಯುವಾಗ ಬೆರಳಿನ ವಿಷಯ ಕೇಳಿದೆ.

"ಎಣಿಸುವಾಗ ಅವರು ನನ್ನ ಮುಖ ನೋಡ್ತಿದ್ರು, ಲೆಕ್ಕ ತಪ್ತಿತ್ತು," ಎಂದರು. "ಅದಕ್ಕೇ ಎಣಿಸೋ ಕೆಲಸ ನಾನು ತಗೊಂಡೆ. ಹದಿನಾರಾದ ತಕ್ಷಣ ಮೆಷೀನ್ ನಿಲ್ಲಿಸಿ ಬೆರಳು ಎತ್ತುತ್ತಿದ್ದೆ. ಕಛೇರೀಲೂ ಅವರ ಮೊಣಕೈ ನಿಂತಾಗ ಎಣಿಸಿ ಎತ್ತುತ್ತಿದ್ದೆ. ಟಿಕೆಟ್ ತಗೋತಿದ್ದದ್ದೇ ಅದಕ್ಕೆ. ಕಂಬ ಅಡ್ಡ ಇತ್ತು, ಆದ್ರೂ ಅವರಿಗೆ ಕಾಣ್ತಿತ್ತು ಅನ್ಸುತ್ತೆ. ಒಂದು ವರ್ಷಾನೂ ತಪ್ಪಲಿಲ್ಲ ಅಲ್ವಾ?"

ನಾನು ಬಾಯಿ ತೆರೆದೆ. ಅಭ್ಯಾಸಬಲ.

"ಇಲ್ಲಮ್ಮಾ," ಎಂದೆ. "ಒಂದು ವರ್ಷಾನೂ ತಪ್ಪಲಿಲ್ಲ ಅಂತ ಮೇಷ್ಟ್ರೇ ಹೇಳಿದ್ರು."

ಆಕೆ ತಲೆಯಾಡಿಸಿ, ಹಾಳೆಯನ್ನು ಮಡಿಕೆ ಬೀಳದ ಹಾಗೆ ಚೀಲದಲ್ಲಿಟ್ಟುಕೊಂಡರು.