ಖರಾಬು ಜಾಗದ ಬಳ್ಳಿ

ಮಾವ ಮಸ್ತಾನ್ ಸಾಹೇಬರು ತೀರಿಕೊಂಡ ಮೇಲೆ ಸುಮೇರಾಳ ಕೈಗಳಿಗೆ ಕೆಲಸವೇ ಇಲ್ಲದಂತಾಯಿತು. ಅವರು ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ಮಗ್ಗುಲು ಬದಲಾಯಿಸುವುದು, ಗಂಜಿ ಕುಡಿಸುವುದು, ಮಾತ್ರೆ ಕೊಡುವುದು, ಬೆನ್ನು ಒರೆಸುವುದು ಎಲ್ಲವೂ ಅವಳದೇ ಆಗಿತ್ತು. ಈಗ ಊಟಕ್ಕೆ ಕುಳಿತರೆ ಅರ್ಧಕ್ಕೇ ಎದ್ದು ಆ ಕೋಣೆಯ ಬಾಗಿಲವರೆಗೆ ಹೋಗಿ, ಯಾಕೆ ಬಂದೆ ಎಂದು ತಿಳಿಯದೆ ವಾಪಸಾಗುತ್ತಿದ್ದಳು. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು. ಮನೆಯ ಮುಂಭಾಗದಲ್ಲಿ ಗಂಡ ಫೈಸಲ್‌ನ ರೇಷ್ಮೆ ನೂಲನ್ನು ಹುರಿಮಾಡುವ ಟ್ವಿಸ್ಟಿಂಗ್ ಯಂತ್ರಗಳು ಬೆಳಗಿನಿಂದ ಸಂಜೆವರೆಗೆ ಗುಂಯ್ಗುಡುತ್ತಿದ್ದವು. ದೊಡ್ಡಬಳ್ಳಾಪುರದ ಕಡೆಯ ವಿಜಯಪುರದ ಅವರ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಅದೇ ಸದ್ದು. ಮದುವೆಯಾಗಿ ಬಂದಾಗಿನಿಂದ ಅವಳಿಗೆ ಅದು ಕೇಳಿಸುವುದೇ ನಿಂತುಹೋಗಿತ್ತು. ಈಗ ಪುನಃ ಕೇಳಿಸತೊಡಗಿತು.

ಒಂದು ದಿನ ಆ ಕೋಣೆಯ ಕಿಟಕಿ ಒರೆಸುವಾಗ, ಹೊರಗೋಡೆಯ ಬಿರುಕಿನಲ್ಲಿ ಹುಟ್ಟಿದ್ದ ತುಂಬೆ ಗಿಡ ಕಂಡಿತು. ಬಿಳಿ ಹೂಗಳ ಒಂದು ರೆಂಬೆ ಮುರಿದು, ಹಳೆಯ ಪತ್ರಿಕೆಯ ನಡುವೆ ಹರಡಿ, ಮೇಲೆ ಭಾರವಿಟ್ಟಳು. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಹೀಗೆ ಗಿಡ ಒಣಗಿಸಿ ಹಾಳೆಗೆ ಅಂಟಿಸಿ ಹರ್ಬೇರಿಯಂ ಮಾಡಿದ್ದು ನೆನಪಿತ್ತು. ಆಗ ಅದು ಅಂಕಕ್ಕಾಗಿ. ಈಗ ಯಾತಕ್ಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ದಿನಾ ಹಸಿ ಕಾಗದ ತೆಗೆದು ಒಣ ಕಾಗದ ಹಾಕಬೇಕು, ಭಾರ ಸರಿಮಾಡಬೇಕು. ಒಟ್ಟಿನಲ್ಲಿ ಕೈಗೊಂದು ಕೆಲಸ ಸಿಕ್ಕಿತು.

ಆಮೇಲೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟಿದ್ದ ಗಂಗಲಕ್ಷ್ಮಮ್ಮ ಮೇಡಂಗೆ ಫೋನ್ ಮಾಡಿದಳು. ಅವರು ನಿವೃತ್ತರಾಗಿ ದೊಡ್ಡಬಳ್ಳಾಪುರದಲ್ಲೇ ಇದ್ದರು.

"ಗಿಡ ಕೀಳೋದು ಸುಲಭ ಕಣಮ್ಮ," ಎಂದರು ಮೇಡಂ. "ಯಾವುದನ್ನ ಕೀಳಬಾರದು ಅಂತ ಕಲಿಯೋದೇ ಕಷ್ಟ. ಜಮೀನಿನೋರನ್ನ ಕೇಳದೆ ಕೈ ಹಾಕಬೇಡ. ಫಾರೆಸ್ಟ್ ಜಾಗದ ಕಡೆಗಂತೂ ಹೋಗಲೇಬೇಡ, ಅದಕ್ಕೆ ಇಲಾಖೆ ಅನುಮತಿ ಬೇಕು. ಸುತ್ತ ಅದೇ ಗಿಡ ಧಾರಾಳವಾಗಿದ್ರೆ ಒಂದು ರೆಂಬೆ ತಗೋ. ಒಂದೋ ಎರಡೋ ಇದ್ರೆ ಫೋಟೋ ಹೊಡ್ಕೊಂಡು ಸುಮ್ಮನೆ ಬಂದ್ಬಿಡು."

ಕೇಳಬೇಕೆಂದರೆ ಅವಳಿಗೆ ಗೊತ್ತಿದ್ದ ಜಮೀನಿನವರು ಒಬ್ಬರೇ, ಪಿಳ್ಳಪ್ಪ. ಬಸ್ಸಿನಲ್ಲಿ ಸ್ವಲ್ಪ ದೂರದ ಹಳ್ಳಿ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವವರು. ಆಗ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದ ಮಸ್ತಾನ್ ಸಾಹೇಬರಿಗೆ ಜೀವಮಾನವಿಡೀ ರೇಷ್ಮೆಗೂಡು ಮಾರಿದ್ದರು, ಕಾಯಿಲೆಯಲ್ಲಿ ನೋಡಲು ಬಂದು ತಲೆದೆಸೆಯಲ್ಲಿ ಕುಳಿತು ಹೋಗಿದ್ದರು. ಅವರ ತೋಟದ ಹಿಂದೆ ಉಳಲು ಬಾರದ ಖರಾಬು ಜಾಗವಿತ್ತು. ಬರೀ ಬಂಡೆ, ಪೊದೆ.

ಸುಮೇರಾ ಹೋಗಿ ಕೇಳಿದಾಗ ಪಿಳ್ಳಪ್ಪ ನಕ್ಕರು. "ಕಳೆ ಕೀಳಾಕೂ ಅಪ್ಪಣೆ ಕೇಳ್ತೀಯಲ್ಲ ತಾಯಿ. ಆ ಖರಾಬ್ನಾಗೆ ಏನೈತೆ? ಬಂದರೆ ಗಿಡ, ಕಾರೆ ಮುಳ್ಳು, ಬಂಡೆ. ಬೇಕಾದ್ರೆ ಬಂಡೇನೂ ತಗೊಂಡೋಗು."

ಅವರ ಹೆಂಡತಿ ಭಾಗ್ಯಮ್ಮ ಮಾತ್ರ, "ಹಾವು ಗೀವು ಇರ್ತವೆ, ಕಡ್ಡಿ ಹಿಡ್ಕೊಂಡು ಹೋಗಮ್ಮ," ಎಂದು ಒಂದು ಕೋಲು ಕೊಟ್ಟರು.

ಮಳೆಗಾಲ ಪೂರ್ತಿ ಅವಳು ಅಲ್ಲಿಗೆ ಓಡಾಡಿದಳು. ಉತ್ತರಾಣಿ, ವಿಷ್ಣುಕ್ರಾಂತಿ, ನೆಗ್ಗಿಲು, ಹೆಸರು ಗೊತ್ತಿಲ್ಲದ ಹುಲ್ಲುಗಳು ಒಂದೊಂದಾಗಿ ಹಾಳೆ ಸೇರಿದವು. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಚೀಟಿ: ಗಿಡದ ಹೆಸರು, ಊರು, ದಿನಾಂಕ, ಎಂಥ ನೆಲ, ಸಂಗ್ರಹಿಸಿದವರು ಯಾರು. ಆದರೂ ನೆಮ್ಮದಿ ಎಂಬುದು ಇರಲಿಲ್ಲ. ಒಂದು ಗಿಡ ಒಣಗುವ ಮೊದಲೇ ಇನ್ನೊಂದು ಬೇಕು. ಬಸ್ಸು ತಡವಾದರೆ ಸ್ಟ್ಯಾಂಡಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು.

ಆಗಸ್ಟ್ ಕೊನೆಯಲ್ಲಿ ಬಂಡೆಯೊಂದರ ನೆರಳಲ್ಲಿ, ಕಾರೆ ಪೊದೆಗೆ ಸುತ್ತಿಕೊಂಡಿದ್ದ ದಾರದಷ್ಟು ತೆಳ್ಳಗಿನ ಬಳ್ಳಿ ಕಂಡಿತು. ಅದರ ಹೂವನ್ನು ನೋಡಿ ಅವಳು ಮೊಣಕಾಲೂರಿ ಕುಳಿತಳು. ಕಿರುಬೆರಳಿಗಿಂತ ಸಣ್ಣ ಹೂಜಿಯ ಹಾಗಿತ್ತು. ಬುಡ ಉಬ್ಬಿ, ಕತ್ತು ನೀಳವಾಗಿ, ಮೇಲೆ ಎಸಳುಗಳೆಲ್ಲ ತುದಿಯಲ್ಲಿ ಕೂಡಿಕೊಂಡು ಪಂಜರ ಕಟ್ಟಿದ್ದವು. ಒಂದು ಸಣ್ಣ ನೊಣ ಆ ಪಂಜರದೊಳಗೆ ನುಸುಳಿ ಹೊರಬರದೆ ಹೋಯಿತು. ಅಲ್ಲೇ ಕೂತು ಫೋಟೋ ತೆಗೆದು ಮೇಡಂಗೆ ಕಳಿಸಿದಳು.

ತಕ್ಷಣವೇ ಫೋನ್ ಬಂತು. "ಸೆರೊಪೀಜಿಯಾ ಕಣೇ ಅದು. ಈ ಕಡೆ ನಾನು ನೋಡಿ ಎಷ್ಟೋ ವರ್ಷ ಆಯ್ತು. ಎಷ್ಟಿವೆ?"

ಸುಮೇರಾ ಇಡೀ ಜಾಗ ಹುಡುಕಿದಳು. ಇದ್ದದ್ದು ಎರಡೇ. ಇನ್ನೊಂದು ಸ್ವಲ್ಪ ಮೇಲೆ, ಬಂಡೆಯ ಸಂದಿನಲ್ಲಿ, ಇನ್ನೂ ಮೊಗ್ಗಾಗಿತ್ತು.

"ಹಾಗಾದ್ರೆ ಮುಟ್ಟಬೇಡ," ಎಂದರು ಮೇಡಂ. "ಜಾಗ ಯಾರಿಗೂ ಹೇಳಬೇಡ."

ಅಂದಿನಿಂದ ಅವಳ ತಳಮಳ ಇನ್ನೊಂದು ಬಗೆಯದಾಯಿತು. ಪಿಳ್ಳಪ್ಪನವರ ಮೇಕೆಗಳು ತಿಂದರೆ? ಯಾರೋ ಬೀಡಿ ಸೇದಿ ಬಿಸಾಕಿ ಬೆಂಕಿ ಹತ್ತಿದರೆ? ಮಳೆ ಜೋರಾದರೆ ಮಣ್ಣು ಕೊಚ್ಚಿಹೋಗುತ್ತದೆ, ಬಿಸಿಲಾದರೆ ಬಳ್ಳಿ ಬಾಡುತ್ತದೆ. ದಿನ ಬಿಟ್ಟು ದಿನ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದಳು. ಬಂದ ಕೂಡಲೇ ಮತ್ತೆ ಹೋಗಬೇಕೆನಿಸುತ್ತಿತ್ತು. ಒಂದು ದಿನ ಅವಳ ಬೆರಳು ತಾನಾಗಿ ಬಳ್ಳಿಯ ಬುಡದ ಮಣ್ಣಿಗೆ ಇಳಿಯಿತು. ಕೆಳಗೆ ದುಂಡನೆಯ ಗೆಡ್ಡೆ ತಾಗಿತು. ಯಾರೂ ನೋಡುವವರಿಲ್ಲ. ಹೇಗೂ ಮೇಕೆಯ ಪಾಲಾಗುವುದು, ನನ್ನ ಹಾಳೆಯ ಮೇಲಾದರೂ ಉಳಿಯುತ್ತದೆ ಎಂದು ಮನಸ್ಸು ಹೇಳಿತು. ಅವಳು ಬೆರಳು ಹಿಂದೆಳೆದು, ಮಣ್ಣು ಮುಚ್ಚಿ, ಹಿಂದಿರುಗಿ ನೋಡದೆ ಬಸ್‌ ಸ್ಟಾಪಿಗೆ ನಡೆದಳು.

ಫೈಸಲ್ ಮಾತು ಕಡಿಮೆಯ ಮನುಷ್ಯ. ಹೆಂಡತಿಯ ಈ ಓಡಾಟ ಅವನಿಗೆ ಅರ್ಥವಾಗುತ್ತಿರಲಿಲ್ಲ, ಬೇಡ ಎನ್ನಲೂ ಬಾಯಿ ಬರುತ್ತಿರಲಿಲ್ಲ. ಒಂದು ಭಾನುವಾರ ಬೈಕಿನಲ್ಲಿ ಅವನೇ ಕರೆದೊಯ್ದ. ಅವಳು ಬಳ್ಳಿ ತೋರಿಸಿದಳು. ಅವನು ದೂರದಿಂದ ನೋಡಿ, "ಇಷ್ಟೇನಾ?" ಎಂದ.

"ಇಷ್ಟೇ."

"ಅಷ್ಟು ಬೇಕಿದ್ರೆ ತಗೊಂಡ್ಬಿಡು. ಮಾಲೀಕ್ರೇ ತಗೋ ಅಂದಿದ್ದಾರಲ್ಲ."

"ಇರೋದೇ ಎರಡು ಜೀ. ತಗೋಬಾರ್ದು."

ಅವನು ಹೆಗಲು ಕೊಡವಿದ. ಆದರೆ ಮನೆಯಲ್ಲಿ ಅವಳು ಊಟ ಬಿಟ್ಟು ಫೋನಿನಲ್ಲಿ ಅದೇ ಹೂವನ್ನು ದೊಡ್ಡದು ಮಾಡಿ ನೋಡುತ್ತಾ ಕೂರುವುದನ್ನು ಅವನು ದಿನಾ ನೋಡುತ್ತಿದ್ದ.

ಆ ಶುಕ್ರವಾರ ಯೂನಿಟ್‌ಗೆ ರಜೆ. ಫೈಸಲ್ ಬೆಳಿಗ್ಗೆಯೇ ಎಲ್ಲಿಗೋ ಹೋದವನು ನಮಾಜಿಗೆ ಮುಂಚೆ ಬಂದ. ಕೈಯಲ್ಲಿ ಒಂದು ಚೀಲ. ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, "ತೆಗೆದು ನೋಡು," ಎಂದ. ಅವನ ಮುಖದಲ್ಲಿ ಬಹಳ ದಿನದ ಮೇಲೆ ನಗುವಿತ್ತು.

ಒದ್ದೆ ಪತ್ರಿಕೆಯೊಳಗೆ ಬಳ್ಳಿ ಇತ್ತು. ಹೂಗಳೂ ಇದ್ದವು. ಅಗೆಯುವಾಗ ಕಾಂಡ ಗೆಡ್ಡೆಯಿಂದ ಕಿತ್ತುಬಂದಿತ್ತು. ಗೆಡ್ಡೆ ಬೇರೆಯಾಗಿ ಮಣ್ಣು ಮೆತ್ತಿಕೊಂಡು ಬಿದ್ದಿತ್ತು.

ಸುಮೇರಾಳಿಗೆ ಮೊದಲು ಆದದ್ದು ಸಂತೋಷ. ಅದು ಕ್ಷಣವಷ್ಟೇ, ಆದರೆ ನಿಜವಾದ ಸಂತೋಷ. ಇನ್ನು ಬಸ್ಸು ಹತ್ತಬೇಕಿಲ್ಲ, ಇದು ನನ್ನದಾಯಿತು ಎಂದುಕೊಂಡಳು. ಮರುಗಳಿಗೆಯಲ್ಲೇ ಬೇರೆಯಾಗಿ ಬಿದ್ದ ಗೆಡ್ಡೆಯನ್ನು ಎತ್ತಿ ಅಂಗೈಯಲ್ಲಿ ಹಿಡಿದಳು.

"ಯಾಕೆ ಕಿತ್ರಿ?"

"ನಿನಗೋಸ್ಕರ. ಊಟ ಬಿಟ್ಟೆ, ನಿದ್ದೆ ಬಿಟ್ಟೆ. ನೀನಾಗಿ ಕೀಳಲ್ಲ ಅಂತ ಗೊತ್ತು. ಪಾಪ ಬಂದ್ರೆ ನನಗೇ ಬರ್ಲಿ ಅಂತ ನಾನೇ ಕಿತ್ತೆ."

ಅವಳು ಬೈಯಲಿಲ್ಲ. ಬೈಯುವ ಹಕ್ಕು ತನಗಿದೆಯೇ ಎಂಬುದೇ ಅನುಮಾನವಾಗಿತ್ತು. ಅವನ ಕೈ ಮಾಡಿದ್ದನ್ನು ತನ್ನ ಬೆರಳು ಆಗಲೇ ಶುರುಮಾಡಿತ್ತಲ್ಲ. ಫೋನೆತ್ತಿ ಮೇಡಂಗೆ ಎಲ್ಲವನ್ನೂ ಹೇಳಿದಳು.

"ಗೆಡ್ಡೆಗೆ ಗಾಯ ಆಗಿದ್ಯಾ?" ಎಂದರು ಮೇಡಂ.

"ಇಲ್ಲ ಮೇಡಂ."

"ಹಾಗಾದ್ರೆ ಇವತ್ತೇ ಅದೇ ಗುಳಿಯಲ್ಲಿ ಅಷ್ಟೇ ಆಳಕ್ಕೆ ಊರಿ ಬಾ. ಬದುಕಿದ್ರೆ ಬದುಕುತ್ತೆ. ಕಾಂಡ ಹೇಗೂ ಕಿತ್ತುಹೋಗಿದೆ, ಎಸೆದ್ರೆ ಯಾರಿಗೂ ಉಪಯೋಗ ಇಲ್ಲ. ಒಣಗಿಸು. ಆದ್ರೆ ಚೀಟಿಯಲ್ಲಿ ನಿಜ ಬರಿ. ಹೇಗೆ ಬಂತು ಅಂತ ಬರಿ."

ಫೈಸಲ್ ನಮಾಜ್ ಮುಗಿಸಿ ಬರುವವರೆಗೆ ಅವಳು ಬಾಗಿಲಿಗೂ ಅಡುಗೆಮನೆಗೂ ಅಲೆದಳು. ಗೆಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದಳು, ನೀರು ಹೆಚ್ಚಾಯಿತೇನೋ ಎಂದು ಬಿಚ್ಚಿದಳು, ಪುನಃ ಸುತ್ತಿದಳು. ಅವನು ಬಂದವನು ಊಟ ಕೇಳಲಿಲ್ಲ. "ನಡಿ," ಎಂದ.

ಖರಾಬು ಜಾಗದಲ್ಲಿ ಜನ ನಿಂತಿದ್ದರು. ಪಿಳ್ಳಪ್ಪ, ಭಾಗ್ಯಮ್ಮ, ಪಕ್ಕದ ತೋಟದ ವೇಣುಗೋಪಾಲ್. ವೇಣುಗೋಪಾಲ್ ಆ ಸಣ್ಣ ಗುಳಿಯನ್ನು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ.

"ನೋಡಮ್ಮ," ಎಂದರು ಭಾಗ್ಯಮ್ಮ ಸುಮೇರಾಳನ್ನು ಕಂಡು. "ಬೆಳಿಗ್ಗೆ ಯಾರೋ ಹೆಲ್ಮೆಟ್ ಹಾಕ್ಕೊಂಡೋನು ಬಂದು ಅಗೀತಿದ್ದ. ಕೂಗೋಷ್ಟ್ರಲ್ಲಿ ಗಾಡಿ ಹತ್ತಿ ಹೊಂಟೋದ. ನನ್ ಎದೆ ಇನ್ನೂ ಹೊಡ್ಕಂತೈತೆ."

"ನಿಧಿ ಹುಡುಕೋರು ಇರ್ಬೇಕು," ಎಂದ ವೇಣುಗೋಪಾಲ್. "ಇಲ್ಲಾ ಮಾಟ ಮಾಡ್ಸೋರು. ಗ್ರೂಪಿಗೆ ಹಾಕ್ತೀನಿ, ಊರೋರೆಲ್ಲ ಹುಷಾರಾಗಿರ್ಲಿ."

ಸುಮೇರಾ ಬಾಯಿ ತೆರೆಯುವ ಮೊದಲೇ ಫೈಸಲ್ ಹೆಲ್ಮೆಟ್ ತೆಗೆದು ಬೈಕಿನ ಮೇಲಿಟ್ಟ. "ಅಗೆದಿದ್ದು ನಾನೇ," ಎಂದ.

ಭಾಗ್ಯಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಪಿಳ್ಳಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ನೀನು ಮಸ್ತಾನ್ ಸಾಬ್ರ ಮಗ ಅಲ್ವಾ? ನಿಮ್ಮಪ್ಪ ರಾಶಿ ಗೂಡಿನ ಮುಂದೆ ನಿಂತ್ಕಂಡ್ರೂ, ಮುಟ್ಲಾ ಪಿಳ್ಳಪ್ಪ ಅಂತ ಕೇಳಿ ಒಂದು ಗೂಡು ಎತ್ಕಂತಿದ್ರು. ಕೇಳಿದ್ರೆ ನಾನು ಇಲ್ಲ ಅಂತಿದ್ನೇನಪ್ಪಾ?"

ಫೈಸಲ್ ನೆಲ ನೋಡಿದ. "ಒಂದು ಗಿಡಕ್ಕೇನು ಕೇಳೋದು ಅನ್ಕೊಂಡೆ. ತಪ್ಪಾಯ್ತು."

"ನೀವು ಕೊಡ್ತಿದ್ರಿ ಅಂತ ಗೊತ್ತು," ಎಂದಳು ಸುಮೇರಾ. "ಇದನ್ನ ಕೊಡಬಾರ್ದು, ನಾನೂ ತಗೋಬಾರ್ದು. ಅದಕ್ಕೇ ಇದೊಂದನ್ನ ನಾನು ಕೇಳಿರ್ಲಿಲ್ಲ." ಬಟ್ಟೆ ಬಿಚ್ಚಿ ಗೆಡ್ಡೆ ತೋರಿಸಿದಳು. "ಈ ಜಾತಿ ಬಹಳ ಅಪರೂಪ. ವಾಪಸ್ ನೆಡೋಕೆ ಬಂದ್ವಿ."

ವೇಣುಗೋಪಾಲ್ ಫೋನ್ ಕೆಳಗಿಳಿಸಿ ಹತ್ತಿರ ಬಂದ. "ಔಷಧೀನಾ? ಏನ್ ರೇಟೈತೆ ಇದಕ್ಕೆ?"

ಎರಡನೆಯ ಬಳ್ಳಿ ಅವನ ಬಲಕ್ಕೆ, ಬಂಡೆಯ ಸಂದಿನಲ್ಲೇ ಇತ್ತು. ಅವಳು ಮೆಲ್ಲಗೆ ಸರಿದು ಅದಕ್ಕೆ ಅಡ್ಡವಾಗಿ ನಿಂತಳು. "ಯಾರೂ ಕೊಳ್ಳಲ್ಲಣ್ಣ. ಗಿಡ ಓದ್ಕೊಂಡೋರಿಗೆ ಮಾತ್ರ ಇದರ ಹುಚ್ಚು."

"ಆ ವಿಡಿಯೋ ಅಳಿಸ್ಬಿಡು ಕಣ್ಲಾ," ಎಂದರು ಪಿಳ್ಳಪ್ಪ. "ನಾಳೆ ನಿಧಿ ಅಂತ ಊರೇ ಬಂದು ನನ್ ಜಾಗ ತೋಡ್ತದೆ."

ವೇಣುಗೋಪಾಲ್ ಒಲ್ಲದ ಮನಸ್ಸಿನಿಂದ ಅಳಿಸಿ, ಹೊರಟುಹೋದ. ಸುಮೇರಾ ಗುಳಿಯ ಮುಂದೆ ಕುಳಿತಳು. ಫೈಸಲ್ ಕೈಯಿಂದ ಮಣ್ಣು ಪುಡಿಮಾಡಿ ಕೊಟ್ಟ. ಗೆಡ್ಡೆ ಮುಚ್ಚಿ, ಸುತ್ತ ಕಲ್ಲು ಜೋಡಿಸಿದರು. ಭಾಗ್ಯಮ್ಮ ಮನೆಯಿಂದ ಚೊಂಬಿನಲ್ಲಿ ನೀರು ತಂದು ತಾವೇ ಚಿಮುಕಿಸಿದರು. ಹೊರಡುವಾಗ ಪಿಳ್ಳಪ್ಪ ಫೈಸಲ್‌ನ ಜೊತೆ ಮಾತಾಡಲಿಲ್ಲ. ಆದರೆ ರಸ್ತೆಯವರೆಗೆ ಬಂದು ನಿಂತರು.

ಕಾಂಡ ಒಣಗಿದ ಮೇಲೆ ಅದನ್ನು ಹಾಳೆಗೆ ಹೊಲಿದು, ಸುಮೇರಾ ಚೀಟಿ ಬರೆದಳು. ಊರಿನ ಹೆಸರು ಬರೆದಳು, ಬಂಡೆಯ ಗುರುತು ಬರೆಯಲಿಲ್ಲ. "ಸಂಗ್ರಹಿಸಿದವರು: ಫೈಸಲ್. ಜಮೀನಿನವರನ್ನು ಕೇಳದೆ ಕಿತ್ತದ್ದು. ಗೆಡ್ಡೆ ವಾಪಸ್ ನೆಟ್ಟಿದೆ." ಫೈಸಲ್ ಅದನ್ನು ಓದಿದ. ಮುಖ ಸಣ್ಣದಾಯಿತು. "ಇರ್ಲಿ," ಎಂದು ಯಂತ್ರಗಳ ಕಡೆ ಹೋದ.

ಆ ವರ್ಷ ನೆಟ್ಟ ಜಾಗದಲ್ಲಿ ಏನೂ ಮೇಲೆ ಬರಲಿಲ್ಲ. ಎರಡನೆಯ ಬಳ್ಳಿ ಹೂಬಿಟ್ಟು, ಕೊಂಬಿನಂಥ ಜೋಡಿ ಕಾಯಿಗಳಾಗಿ, ಒಣಗಿ, ಬೀಜ ಗಾಳಿಗೆ ತೂರಿಹೋಯಿತು. ಮಣ್ಣು ಕೆದಕಿ ಗೆಡ್ಡೆ ಕೊಳೆತಿದೆಯೋ ಇಲ್ಲವೋ ನೋಡಬೇಕೆಂಬ ಆಸೆಯನ್ನು ಸುಮೇರಾ ಚಳಿಗಾಲ, ಬೇಸಿಗೆ ಎರಡನ್ನೂ ಕಳೆದು ತಡೆದುಕೊಂಡಳು.

ಮುಂದಿನ ಜೂನ್‌ನಲ್ಲಿ ಒಂದೆರಡು ಹದ ಮಳೆಯಾದ ಮೇಲೆ ಪಿಳ್ಳಪ್ಪ ಫೋನ್ ಮಾಡಿದರು. "ತಾಯಿ, ನಿನ್ ಗೆಡ್ಡೆ ಮೊಳ್ತೈತೆ. ಮೇಕೆ ಬಾಯಿ ಹಾಕ್ದಂಗೆ ಮುಳ್ಳು ಕಟ್ಟಿವ್ನಿ. ಬಂದು ನೋಡೋಗು. ನಿನ್ ಯಜಮಾನ್ನನ್ನೂ ಕರ್ಕಂಬಾ."

ಇಬ್ಬರೂ ಹೋದರು. ಕಾರೆ ಮುಳ್ಳಿನ ಬೇಲಿ ಮೊಣಕಾಲೆತ್ತರಕ್ಕೆ ಒತ್ತಾಗಿತ್ತು. ನಡುವೆ ಒಂದು ಎಳೆ ಬಳ್ಳಿ. ಸುಮೇರಾ ಬಗ್ಗಿ ನೋಡಿದಳು. ಅದು ಊರಿನ ಎಲ್ಲ ಬೇಲಿಗಳಲ್ಲೂ ಹಬ್ಬುವ, ಮುರಿದರೆ ಹಾಲು ಸುರಿಸುವ ಸಾಧಾರಣ ಬಳ್ಳಿಯ ಸಸಿ. ಅದರ ಪಕ್ಕದಲ್ಲಿ, ಕಲ್ಲುಗಳ ಮಧ್ಯೆ, ನೆಟ್ಟ ಜಾಗ ಹಾಗೇ ಬರಿದಾಗಿತ್ತು.

"ಚೆನ್ನಾಗಿ ಬಂದೈತಾ?" ಎಂದರು ಪಿಳ್ಳಪ್ಪ.

"ಬೇಲಿ ಬಹಳ ಚೆನ್ನಾಗಿದೆ ಪಿಳ್ಳಪ್ಪನೋರೆ," ಎಂದಳು. "ಮಳೆಗಾಲ ಮುಗಿಯೋವರೆಗೂ ತೆಗೀಬೇಡಿ."

ಭಾಗ್ಯಮ್ಮ ಮಜ್ಜಿಗೆ ಕೊಟ್ಟರು. ಪಿಳ್ಳಪ್ಪ ಫೈಸಲ್‌ಗೆ ಹುಳದ ಮನೆ ತೋರಿಸಿ, ಈ ಸಲದ ಗೂಡಿನ ವಿಚಾರ ಹೇಳಿದರು.

ವಾಪಸ್ ಬರುವಾಗ ಬೈಕಿನ ಹಿಂದೆ ಕುಳಿತು ಅವಳು ಅವನ ಕಿವಿಯ ಬಳಿ ಹೇಳಿದಳು. "ಅದು ಆ ಬಳ್ಳಿ ಅಲ್ಲ ಜೀ."

ಫೈಸಲ್ ಬೈಕು ನಿಧಾನ ಮಾಡಿದ. "ಅವರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೇಲಿ ಕಿತ್ತಾಕ್ತಾರೆ. ಗೆಡ್ಡೆಯೂ ಅದರೊಳಗೇ ಇದೆ. ಇನ್ನೂ ಮಳೆ ಇದೆ."

"ಇನ್ನೊಂದು ವಾರ ಬಿಟ್ಟು ಬರೋಣ್ವಾ?"

"ನಾಳೆ ಬರೋಣ," ಎಂದಳು ಸುಮೇರಾ.