ಮೂರು ಬೆರಳಿನ ಬೆರಣಿ

ಕೈಯಲ್ಲಿರುವ ಕೆಲಸ ಒಂದು ಗಳಿಗೆ ಪಕ್ಕಕ್ಕಿಟ್ಟು ಇದನ್ನು ಪೂರ್ತಿ ಕೇಳಿ. ನಡುವೆ ಎದ್ದು ಹೋಗಬೇಡಿ, ಕೊನೆಯಲ್ಲಿ ನಿಮ್ಮನ್ನೇ ಒಂದು ಮಾತು ಕೇಳುವುದಿದೆ. ಇದು ಬಿಂಡಿಗನವಿಲೆಯ ದ್ಯಾವಮ್ಮನ ಕತೆ. ಸುಲ್ತಾನರ ಕಾಲ, ೧೭೯೨ನೇ ಇಸವಿ. ಶ್ರೀರಂಗಪಟ್ಟಣದ ಕೋಟೆಯ ಸುತ್ತ ದಂಡುಗಳು ಬೀಡುಬಿಟ್ಟಿದ್ದ ವರ್ಷ. ಯುದ್ಧದ ಕತೆ ಹೇಳುವವರು ಫಿರಂಗಿಯ ಕತೆ ಹೇಳುತ್ತಾರೆ. ನಾನು ಬೆರಣಿಯ ಕತೆ ಹೇಳುತ್ತೇನೆ.

ಬಿಂಡಿಗನವಿಲೆಯದು ಕೆಂಪು ನೆಲ, ರಾಗಿಯ ನೆಲ. ಆದರೂ ಕೆರೆಯ ಪಕ್ಕದಲ್ಲಿ ಒಂದು ಪಟ್ಟಿ ಕಪ್ಪು ಎರೆಮಣ್ಣಿತ್ತು. ಅಲ್ಲಿ ಹತ್ತಿ ಬರುತ್ತಿತ್ತು. ದ್ಯಾವಮ್ಮ ಮದುವೆಯಾಗಿ ಬಂದ ವರ್ಷ ತವರಿನಿಂದ ಸೆರಗಿನ ತುದಿಗೆ ಕಟ್ಟಿಕೊಂಡು ಬಂದದ್ದು ಎರಡು ಹಿಡಿ ಹತ್ತಿಬೀಜ. ಅದನ್ನು ಅವಳು ಹತ್ತು ವರ್ಷ ಸಾಕಿದಳು. ಸಾಕಿದಳು ಅನ್ನುವುದೇ ಸರಿಯಾದ ಮಾತು. ಗಿಡದ ನಡುಕೊಂಬೆಯಲ್ಲಿ ಮೊದಲು ಬಿರಿದ ಕಾಯಿ ಮಾತ್ರ ಬೀಜಕ್ಕೆ. ತುದಿಯದು ಬೇಡ, ಬುಡದ್ದು ಬೇಡ. ಮಂಜು ಆರಿದ ಮೇಲೆ ಬಿಡಿಸಬೇಕು. ಬಿಡಿಸಿದ ಹತ್ತಿಯಿಂದ ಒಂದೆಳೆ ಹಿಡಿದು, ಕಿವಿಯ ಹತ್ತಿರ ತಂದು, ಎರಡು ಹೆಬ್ಬೆರಳ ಉಗುರಲ್ಲಿ ಎಳೆದು ಹರಿಯುತ್ತಿದ್ದಳು. ಹರಿಯುವ ಸದ್ದು ಕೇಳಿಯೇ ಈ ಗಿಡದ ಬೀಜ ಇಡಬೇಕೋ ಬೇಡವೋ ಅಂತ ತೀರ್ಮಾನ! ಯಾರು ಕಲಿಸಿದರು ಅವಳಿಗೆ? ಯಾರೂ ಇಲ್ಲ. ಹತ್ತು ವರ್ಷದಲ್ಲಿ ಅವಳ ಬೀಜ ಊರಿನ ಎರೆಪಟ್ಟಿಗೆಲ್ಲ ಹಬ್ಬಿತು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಪೇಟೆಯ ನೇಕಾರರು ‘ಬಿಂಡಿಗನವಿಲೆ ಅರಳೆ ಬಂತಾ?’ ಎಂದು ಕೇಳಿ ಕೊಳ್ಳುವಷ್ಟಾಯಿತು.

ಆ ಅರಳೆಯನ್ನು ವರ್ಷವರ್ಷವೂ ಕೊಳ್ಳಲು ಬರುತ್ತಿದ್ದವನು ಗಂಜಾಂ ಪೇಟೆಯ ವ್ಯಾಪಾರಿ ಹೊನ್ನಪ್ಪ. ಆ ಸಂಕ್ರಾಂತಿ ಕಳೆದ ಮೇಲೂ ಬಂದ. ಆದರೆ ಅರಳೆಯ ಕಡೆ ತಿರುಗಿಯೂ ನೋಡಲಿಲ್ಲ.

“ಅರಳೆ ಆಮೇಕ್ ನೋಡಾನ ಬುಡ್ರಪ್ಪ. ಅತ್ತಿಬೀಜ ಎಷ್ಟವೆ ತನ್ನಿ. ದಂಡಿನ್ ಎತ್ಗೊಳು ಉಲ್ಲಿಲ್ದೆ ಸಾಯ್ತಾವೆ. ಒಂದ್ ಕೊಳಗ ಬೀಜಕ್ಕೆ ಎಲ್ಡ್ ಕೊಳಗ ರಾಗಿ!”

ಮಿಕ್ಕ ವರ್ಷಗಳಲ್ಲಿ ನಾಲ್ಕು ಕೊಳಗ ಹತ್ತಿಬೀಜ ಸುರಿದರೂ ಒಂದು ಕೊಳಗ ರಾಗಿ ಹುಟ್ಟುತ್ತಿರಲಿಲ್ಲ. ಅದು ಕರೆಯುವ ಹಸುವಿಗೆ ಹಾಕುವ ತಿಂಡಿ, ಅಷ್ಟೆ. ಈಗ ಬೆಲೆ ತಲೆಕೆಳಗಾಗಿತ್ತು. ಹಗ್ಗ ಬಿಚ್ಚಿದ ಕರುಗಳ ಹಾಗೆ ಜನ ಮನೆಗೆ ಓಡಿ, ಮೂಲೆ ಮೂಲೆ ಗುಡಿಸಿ ಬೀಜ ತಂದು ಸುರಿದರು. ದ್ಯಾವಮ್ಮನ ಗಂಡ ಚಲುವಯ್ಯನೂ ಮಂಕರಿ ಹೊತ್ತು ಹೊರಟ. ಅವನಿಗೆ ರಾಗಿ ಬೇಕೇ ಬೇಕಿತ್ತು, ಅದನ್ನು ಕೊಟ್ಟು ಒಂದು ಎತ್ತು ತರುವ ಯೋಚನೆ. ದೀಪಾವಳಿಯ ಹೊತ್ತಿಗೆ ದಂಡಿನವರು ಅವನ ಜೋಡಿಯಲ್ಲಿ ಬಿಳಿ ಎತ್ತನ್ನು ಹೊಡೆದುಕೊಂಡು ಹೋಗಿದ್ದರು. ಕೆಂದೆತ್ತು ಒಂಟಿಯಾಗಿ ಉಳಿದಿತ್ತು.

“ಬಿತ್ನೆಗೆ ಏನ್ ಮಾಡೀಯ?” ಎಂದಳು ದ್ಯಾವಮ್ಮ, ಬಾಗಿಲಿಗೆ ಅಡ್ಡ ನಿಂತು.

“ಅತ್ತಿಕುಪ್ಪೆ ಸಂತೇಲಿ ತಂದ್ರಾಯ್ತು ಬುಡಮ್ಮಿ. ಬೀಜ ಏನ್ ಚಿನ್ನವಾ?”

“ಅತ್ತಿಕುಪ್ಪೆನವ್ರೂ ‘ಬಿಂಡಿಗನವ್ಲೇಲಿ ತಂದ್ರಾಯ್ತು’ ಅಂತ ಮಾರ್ಬುಟ್ಟಿದ್ರೆ?”

ನೋಡಿ, ಇದೇ. ಹಿರೋಡೆಯಿಂದ ನಾಗಮಂಗಲದವರೆಗೆ, ಅಂದರೆ ಈಗಿನ ಪಾಂಡವಪುರದಿಂದ ಹಿಡಿದು ಇಡೀ ಸೀಮೆಯಲ್ಲಿ, ಈ ಒಂದು ಮಾತು ಇನ್ಯಾರಿಗೂ ಹೊಳೆದಿರಲಿಲ್ಲ. ಸಂತೆಯಲ್ಲಿ ಸಿಗುತ್ತದೆ ಎಂದು ಎಲ್ಲರೂ ಮಾರಿದರೆ ಸಂತೆಯಲ್ಲಿ ಏನಿರುತ್ತದೆ? ಕೃಷ್ಣರಾಜಪೇಟೆಗೆ ಅತ್ತಿಕುಪ್ಪೆ ಎಂಬ ಹೆಸರಿದ್ದ ಆ ದಿನಗಳಲ್ಲಿ, ಕೊಳಗದಲ್ಲಿ ಅಳೆಯುವುದಷ್ಟೇ ಗೊತ್ತಿದ್ದ ಹೆಂಗಸಿನ ಲೆಕ್ಕಾಚಾರ ಇದು!

ಚಲುವಯ್ಯ ನಕ್ಕು ಹೋದ. ಆದರೆ ಅವನ ಮಂಕರಿಯಲ್ಲಿ ಎರಡು ಕೊಳಗ ಕಡಮೆ ಇತ್ತು. ಅವಳು ಆಗಲೇ ತೆಗೆದು ಮಡಗಿದ್ದಳು.

ಮಡಗುವುದೇನೋ ಮಡಗಿದಳು, ಬಚ್ಚಿಡುವುದೆಲ್ಲಿ? ಊರೂರು ಸುತ್ತುವ ದಂಡಿನವರು ನೆಲಕ್ಕೆ ಕಬ್ಬಿಣದ ಸಲಾಕೆ ಚುಚ್ಚಿ ಚುಚ್ಚಿ ಧಾನ್ಯದ ಹಗೇವು ಹುಡುಕುತ್ತಿದ್ದರು. ತೊಲೆಗೆ ಕಟ್ಟಿದ ಗಡಿಗೆಯನ್ನೂ ಬಿಡುತ್ತಿರಲಿಲ್ಲ. ದ್ಯಾವಮ್ಮ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಕೊಟ್ಟಿಗೆ ಬಾಚುವಾಗ ಗೋಡೆಯ ಮೇಲೆ ಕಣ್ಣು ಬಿತ್ತು. ಸೋರೆಬೀಜವನ್ನು ಸಗಣಿಯಲ್ಲಿ ಒತ್ತಿ ಗೋಡೆಗೆ ಮೆತ್ತಿದ್ದಳು, ಎಲ್ಲ ಮನೆಯವರೂ ಮಾಡುವ ಹಾಗೆ. ಹತ್ತಿಬೀಜವನ್ನೂ ಬಿತ್ತುವ ಮುಂಚೆ ಸಗಣಿಯಲ್ಲಿ ಉಜ್ಜುತ್ತಾರಲ್ಲ, ಬೀಜದ ಮೇಲಿನ ಜುಂಗು ಒಂದಕ್ಕೊಂದು ಅಂಟಿಕೊಳ್ಳದಿರಲಿ ಅಂತ. ಅಂದಮೇಲೆ?

ಸಗಣಿಗೆ ಬೂದಿ ಬೆರೆಸಿದಳು. ಒಂದೊಂದು ಬೆರಣಿಗೂ ಒಂದೊಂದು ಹಿಡಿ ಬೀಜ ಕಲಸಿ ತಟ್ಟಿದಳು. ಬಿಸಿಲಿಗೆ ಬೀಜ ಬೇಯಬಾರದೆಂದು ಸೂರಿನ ನೆರಳಲ್ಲಿ ಒಣಗಿಸಿದಳು. ಮಾಮೂಲಿ ಬೆರಣಿಯ ಮೇಲೆ ಐದು ಬೆರಳೂ ಮೂಡುತ್ತವೆ. ಇವುಗಳ ಮೇಲೆ ಮೂರೇ ಬೆರಳು ಒತ್ತಿದಳು. ನಲವತ್ತು ಬೆರಣಿಯಾದವು. ಒಲೆಗೆ ದೂರವಾಗಿ ಅಟ್ಟದ ಮೂಲೆಗೆ ಪೇರಿಸಿದಳು. ಗಂಡನಿಗೆ ಹೇಳಲಿಲ್ಲ, ಅವನಿಗೆ ಹೇಳಿದರೆ ಚಾವಡಿಗೆ ಹೇಳಿದ ಹಾಗೆ. ಅತ್ತೆ ಕುಳ್ಳಮ್ಮನಿಗೂ ಹೇಳಲಿಲ್ಲ. ಮುದುಕಿಗೆ ಕಣ್ಣು ಮಂಜು, ಬಾಯಿ ಮಾತ್ರ ಚುರುಕು.

ದಂಡಿನವರು ಬಂದರು. ನೆಲ ಚುಚ್ಚಿದರು. ಹೊನ್ನಪ್ಪನಿಂದ ಬಂದ ರಾಗಿಯಲ್ಲಿ ಅರ್ಧ ಕಟ್ಟಿಕೊಂಡರು. ಅಂಗಳದ ಬೆರಣಿರಾಶಿಯನ್ನೂ ಸೌದೆಗೆಂದು ಗಾಡಿಗೆ ತುಂಬಿದರು. ಒಬ್ಬ ಅಟ್ಟ ಹತ್ತಿ ಇಣುಕಿದ. ಗಾಡಿ ಆಗಲೇ ತುಂಬಿತ್ತು. ಅವನು ಸುಮ್ಮನೆ ಇಳಿದು ಹೋದ.

ಗೆದ್ದೆ ಅಂದುಕೊಂಡಳು. ಆದರೆ ಅಂಗಳದ ಬೆರಣಿ ಹೋಯಿತಲ್ಲ, ಒಲೆಗೆ ಏನು ಹಾಕುವುದು? ದಾರಿಯ ಸಗಣಿ ಆಯಲೆಂದು ಅವಳು ಮಂಕರಿ ಹಿಡಿದು ಹೊರಗೆ ಹೋದ ಬೆಳಗ್ಗೆಗಳಲ್ಲಿ ಕುಳ್ಳಮ್ಮ ಕೈಯಾಡಿಸುತ್ತ ಅಟ್ಟ ಹತ್ತಿದಳು. ಬೆರಣಿ ಸಿಕ್ಕಿತು. ಹಿಗ್ಗಿದಳು. ಇನ್ನೊಂದು ಏನೆಂದರೆ, ಆಗ ಬೆಂಕಿಪೊಟ್ಟಣ ಎಲ್ಲಿತ್ತು? ಯಾರ ಮನೆಯ ಒಲೆ ಆರಿದರೂ ಪಕ್ಕದ ಮನೆಗೆ ಹೋಗಿ ಬೆಂಕಿ ಕೇಳುವುದು. ಮನೆಯವರು ಒಂದು ಬೆರಣಿಯನ್ನು ಅಂಚಿನಲ್ಲಿ ಹೊತ್ತಿಸಿ ಕೈಗೆ ಕೊಡುವುದು. ಬೆಂಕಿ ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ. ಕೊಟ್ಟ ಬೆಂಕಿಗೆ ಬೆಲೆಯೂ ಇಲ್ಲ.

ನಾಲ್ಕನೆಯ ಬೆಳಗ್ಗೆ ಪಕ್ಕದ ಮನೆಯ ಸಿದ್ದಲಿಂಗಮ್ಮ ಬೆಂಕಿ ಇಸಿದುಕೊಂಡು ಹೋದಳು. ಒಲೆಗಿಟ್ಟು ಊದಿದಳೋ ಇಲ್ಲವೋ, ಪಟಪಟ ಪಟಪಟ! ಎಣ್ಣೆ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಬೆರಣಿಯನ್ನು ಎಳೆದು ನೀರು ಚಿಮುಕಿಸಿ ಮುರಿದು ನೋಡಿದವಳೇ, ಅರ್ಧ ತುಂಡು ಹಿಡಿದು ಓಡಿ ಬಂದಳು.

“ದ್ಯಾವೀ! ಇದೇನಮ್ಮಿ, ನಿಮ್ಮನೆ ಬೆರ್ಣಿ ಒಗ್ಗರಣೆ ಸಿಡ್ದಂಗೆ ಸಿಡೀತದೆ?”

ಆಗ ತಾನೆ ಮಂಕರಿ ಇಳಿಸುತ್ತಿದ್ದ ದ್ಯಾವಮ್ಮ ಅದನ್ನು ಅಲ್ಲೇ ಬಿಟ್ಟಳು. ಅಟ್ಟಕ್ಕೆ ಹಾರಿದಳು. ಮೂವತ್ತು ಉಳಿದಿದ್ದವು.

“ಅತ್ತೆ, ಅತ್ತು ಬೆರ್ಣಿ ಸುಟ್ಬುಟ್ಟಿದ್ದೀಯಲ್ಲ!”

“ನಮ್ಮೊಲೇಲೂ ಸಿಡೀತಿತ್ತು ಕಣವ್ವ,” ಎಂದಳು ಕುಳ್ಳಮ್ಮ ನಿರಾಳವಾಗಿ. “ಅಸಿ ಅವೆಯೇನೋ ಅಂದ್ಕಂಡೆ. ಬೆರ್ಣಿ ಒಳ್ಗೆ ಬೀಜ ತುಂಬೋ ಸೊಸೆ ಸಿಕ್ಕವ್ಳೆ ಅಂತ ನಂಗೇನ್ ಕನಸ್ ಬಿದ್ದಿತ್ತಾ?”

ಸಿದ್ದಲಿಂಗಮ್ಮ ನಗಲಿಲ್ಲ. “ನಾವೆಲ್ಲ ಬಾಚ್ಕಂಡ್ ಮಾರ್ಬುಟ್ವಿ. ನೀ ಗುಟ್ಟಾಗ್ ಮಡೀಕಂಡೆ. ಒಂದ್ ಮಾತ್ ಯೋಳ್ಬಾರ್ದಾಗಿತ್ತಾ?”

“ಯೋಳಿದ್ರೆ ನಂಬ್ತಿದ್ಯಾ?”

ಸಿದ್ದಲಿಂಗಮ್ಮ ಕೈಯಲ್ಲಿದ್ದ ಕಪ್ಪು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. “ನಂಬ್ತಿರ್ನಿಲ್ಲ ಬುಡು,” ಅಂದಳು. ಹೋಗುವಾಗ ಹೊಸಿಲ ಮೇಲೆ ನಿಂತು, “ಆದ್ರೂ ಯೋಳ್ಬೇಕಾಗಿತ್ತು,” ಅಂದಳು. ಆ ಮಾತು ದ್ಯಾವಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಯುದ್ಧ ಮುಗಿಯಿತು. ದಂಡುಗಳು ಹೋದವು. ಮುಂಗಾರಿನ ಮೊದಲ ಮಳೆ ಬಿದ್ದು ಎರೆಮಣ್ಣು ಉಬ್ಬಿತು. ಬೀಜ ತರಲು ಅತ್ತಿಕುಪ್ಪೆ ಸಂತೆಗೆ ಹೋದವರು ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ವಾಪಸು ಬಂದರು. ಹಿರೋಡೆಯಲ್ಲೂ ಇಲ್ಲ, ನಾಗಮಂಗಲದಲ್ಲೂ ಇಲ್ಲ. ಎಲ್ಲರೂ ಸಂತೆಯನ್ನು ನಂಬಿದ್ದರು, ಸಂತೆಯ ಬೀಜವನ್ನು ಎತ್ತುಗಳು ತಿಂದಿದ್ದವು.

ಆಗ ಹೊನ್ನಪ್ಪ ಮತ್ತೆ ಬಂದ. ಸುದ್ದಿ ಹೇಗೋ ಅವನಿಗೆ ಮುಟ್ಟಿತ್ತು. ಅವನ ಹಿಂದೆ ಒಂದು ಎತ್ತು ಇತ್ತು. ಬಿಳಿದು, ನಾಲ್ಕು ಹಲ್ಲಿನ ಹರೆಯದ್ದು, ಬೆನ್ನು ಹಲಗೆಯ ಹಾಗೆ. ನೇರ ಚಲುವಯ್ಯನ ಅಂಗಳಕ್ಕೆ ಬಂದು ಹಗ್ಗವನ್ನು ಅವನ ಕೈಗೇ ಕೊಟ್ಟ.

“ದ್ಯಾವವ್ವ, ತಪ್ಪು ನಂದೇ ಕಣವ್ವ. ಊರೂರ್ ಬೀಜ ಬಳ್ಕೊಂಡೋಗಿ ಎತ್ಗೆ ತಿನ್ಸಿದೋನು ನಾನೇಯ. ಈಗ ಗಂಜಾಮ್ನಲ್ಲಿ ಮಗ್ಗ ಸುಮ್ಕೆ ನಿಂತವೆ. ಅರಳೆಗೆ ಎಲ್ಲೆಲ್ಲಿಂದ್ಲೋ ಕೇಳ್ತಾವ್ರೆ. ಚೀನದವ್ರೂ ಸಮುದ್ರುದ್ ಮೇಲೆ ಅಡಗಲ್ಲಿ ತರುಸ್ಕತಾರಂತೆ! ನಿನ್ ಮೂವತ್ತೂ ಬೆರ್ಣಿ ನಂಗ್ ಕೊಟ್ಬುಡು. ಎತ್ತು ನಿಂದು.”

“ಕೊಟ್ರೆ ಏನ್ ಮಾಡೀರಿ ಸೆಟ್ರೆ?”

“ಊರೂರ್ಗೆ ಮಾರ್ತೀನಿ. ಸುಳ್ ಯಾಕ್ ಯೋಳ್ಲಿ? ನಾ ಕೇಳಿದ್ ಬೆಲೆ ಕೊಡ್ತಾರೆ.”

ಅಷ್ಟು ಹೊತ್ತಿಗೆ ಬೇಲಿಯ ಆಚೆ ಅರ್ಧ ಊರು ನೆರೆದಿತ್ತು. ಯಾರೂ ಬಾಯಿಬಿಟ್ಟು ಬೀಜ ಕೇಳಲಿಲ್ಲ. ಮಾರಿಕೊಂಡವರು ತಾವೇ ಅಲ್ಲವೇ? ಸಿದ್ದಲಿಂಗಮ್ಮನೂ ನಿಂತಿದ್ದಳು, ಎಲ್ಲರಿಗಿಂತ ಹಿಂದೆ. ಚಲುವಯ್ಯ ಎತ್ತಿನ ಕೊರಳಿನ ಗಂಗೆದೊಗಲು ಸವರುತ್ತಿದ್ದ. ಅದು ಅವನ ಭುಜಕ್ಕೆ ಮೂತಿ ಉಜ್ಜಿತು.

“ಒಪ್ಕೊಳಮ್ಮಿ,” ಎಂದ ಮೆಲ್ಲಗೆ. “ಒಂಟಿ ಎತ್ತಲ್ಲಿ ನಾನ್ ಎಂಗ್ ಉಳ್ಲಿ? ಬೀಜ ಇಟ್ಕಂಡು ತಲೆ ಮೇಲ್ ಬೆಳ್ಕಳನಾ?”

ದ್ಯಾವಮ್ಮ ಎತ್ತನ್ನು ನೋಡಿದಳು. ಸುಳ್ಳು ಹೇಳಬಾರದು, ಅವಳಿಗೂ ಆಸೆಯಾಯಿತು. ಕೆಂದೆತ್ತಿನ ಪಕ್ಕದ ಖಾಲಿ ಗೂಟವನ್ನು ದಿನಾ ನೋಡುತ್ತಿದ್ದವಳು ಅವಳೇ. ಹತ್ತು ವರ್ಷ ಸಾಕಿದ ಬೀಜ ಒಂದು ಎತ್ತಾಗಿ ಎದುರಿಗೆ ನಿಂತಿತ್ತು. ಬೇಡ ಅಂದರೆ ಹೊಲ ಬೀಳು. ಹೂಂ ಅಂದರೆ ಊರಿನ ಎರೆಪಟ್ಟಿಯೆಲ್ಲ ಬೀಳು.

“ಯೋಳವ್ವ,” ಎಂದ ಹೊನ್ನಪ್ಪ.

ದ್ಯಾವಮ್ಮ ಒಳಗೆ ಹೋದಳು. ಮಂಕರಿಯಲ್ಲಿ ಬೆರಣಿಗಳನ್ನು ಹೊತ್ತು ತಂದು ಅಂಗಳದಲ್ಲಿಳಿಸಿದಳು. ಒಂದನ್ನು ತೆಗೆದು ನೇರ ಬೇಲಿಯ ಹತ್ತಿರ ನಡೆದಳು.

“ಸಿದ್ದಲಿಂಗೀ, ಬಾಮ್ಮಿ ಮುಂದಕ್ಕೆ. ಬೆಂಕಿ ಇಸ್ಕಂಡ್ ಓದಂಗೆ ಇಸ್ಕಂಡೋಗು. ಈ ಸಲ ಒಲೆಗ್ ಆಕ್ಬ್ಯಾಡ.”

“ಏನ್ ಕೊಡ್ಲಿ?” ಎಂದಳು ಸಿದ್ದಲಿಂಗಮ್ಮ.

“ಬೆಂಕಿಗ್ ಏನ್ ಕೊಡ್ತೀಯ? ನಿನ್ನೊಲೆ ಉರುದ್ರೆ ನಂದೇನ್ ಆರೋದದಾ? ನಡುಕೊಂಬೇಲಿ ಮೊದ್ಲು ಬಿರ್ದಿದ್ ಕಾಯ್ನ ಬೀಜಕ್ ಮಡಗು. ಸುಗ್ಗಿ ಆದ್ಮೇಕೆ ಒಂದ್ ಬೆರ್ಣಿ ನಿನ್ ಕೈಯಾರೆ ತಟ್ಟಿ ವಾಪಸ್ ತಂದ್ಕೊಡು. ಅಷ್ಟೇಯ.”

ಒಬ್ಬೊಬ್ಬರಾಗಿ ಬಂದರು. ಮನೆಗೊಂದು ಬೆರಣಿ. ಚಲುವಯ್ಯ ಹಗ್ಗ ಹಿಡಿದೇ ನಿಂತಿದ್ದ. ಮಂಕರಿಯ ತಳ ಕಾಣುವವರೆಗೂ ಬಿಡಲಿಲ್ಲ. ಆಮೇಲೆ ಹೆಂಡತಿಯ ಕಡೆ ನೋಡದೆ ಹಗ್ಗವನ್ನು ಹೊನ್ನಪ್ಪನಿಗೆ ಕೊಟ್ಟು ಕೊಟ್ಟಿಗೆಗೆ ಹೋದ. ದ್ಯಾವಮ್ಮನಿಗಾಗಿ ಉಳಿದದ್ದು ನಾಲ್ಕೇ ಬೆರಣಿ.

“ನಂಗೊಂದು?” ಎಂದ ಹೊನ್ನಪ್ಪ. “ಇರೋಡೇಲಿ ನಮ್ ತಂಗಿ ಒಲ ಅದೆ.”

ಜನ ಗೊಳ್ಳೆಂದು ನಕ್ಕರು. “ಎತ್ಗೆ ತಿನ್ನುಸ್ಬುಟ್ಟಾರು, ಉಸಾರು ಕಣೇ!” ಎಂದಳು ಕುಳ್ಳಮ್ಮ ಜಗಲಿಯಿಂದ. ದ್ಯಾವಮ್ಮ ಮಾತ್ರ ನಗಲಿಲ್ಲ. ನಾಲ್ಕರಲ್ಲಿ ಒಂದನ್ನು ತೆಗೆದು ಅವನ ಕೈಗಿಟ್ಟಳು. ಎಂಥ ಹೆಂಗಸು ನೋಡಿ! ಅವನು ಬೆರಣಿಯನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿ ಎದೆಗವುಚಿಕೊಂಡು ಹೊರಟ. ಎತ್ತನ್ನು ಮಾತ್ರ ಬಿಟ್ಟು ಹೋಗಲಿಲ್ಲ, ವ್ಯಾಪಾರಿ ಅಲ್ಲವೇ.

ಎಂಟು ದಿನ ಚಲುವಯ್ಯ ಹೆಂಡತಿಯೊಡನೆ ಮಾತಾಡಲಿಲ್ಲ. ಒಂಬತ್ತನೆಯ ದಿನ, ತಮ್ಮ ಬಿತ್ತನೆ ಮುಗಿದ ಮೇಲೆ, ಸಿದ್ದಲಿಂಗಮ್ಮ ಒಂದು ಕುಳ್ಳ ಕರಿ ಎತ್ತನ್ನು ತಂದು ಕೆಂದೆತ್ತಿನ ಪಕ್ಕದ ಗೂಟಕ್ಕೆ ಕಟ್ಟಿ, “ನಿಮ್ ಬಿತ್ನೆ ಆದ್ಮೇಕೆ ವಾಪಸ್ ತಂದ್ಕಟ್ಟಿ,” ಅಂದು ಹೋದಳು. ಒಂದು ಎತ್ತರ, ಒಂದು ಗಿಡ್ಡ. ನೊಗ ವಾಲಿ ಸಾಲುಗಳೆಲ್ಲ ಹಾವು ಹರಿದ ಹಾಗೆ ಸೊಟ್ಟಗಾದವು. ದಾರಿಹೋಕರು ನಕ್ಕರು. ಆದರೆ ಮೊಳಕೆ ಬಂತು. ಸಂಕ್ರಾಂತಿಯ ಹೊತ್ತಿಗೆ ಕೆರೆಯ ಪಕ್ಕದ ಪಟ್ಟಿಯೆಲ್ಲ ಬೆಳ್ಳಗೆ ಬಿರಿದಿತ್ತು.

ಸುಗ್ಗಿಯಾದ ಮೇಲೆ ಬೆರಣಿಗಳು ಬಂದವು. ಒಂದರ ಮೇಲೆ ಐದು ಬೆರಳು, ಒಂದರ ಮೇಲೆ ಬರೀ ಹೆಬ್ಬೆರಳು, ಸಿದ್ದಲಿಂಗಮ್ಮನದರ ಮೇಲೆ ಬಳೆಯ ಗುರುತು. ಹಿರೋಡೆಯಿಂದಲೂ ಒಂದು ಬಂತು. ಬಾರದವೂ ಇದ್ದವು, ನಾಲ್ಕು ಮನೆಯವರು ತಂದುಕೊಡಲೇ ಇಲ್ಲ. ಚಲುವಯ್ಯ ಆ ನಾಲ್ಕು ಮನೆಯ ಹೆಸರನ್ನು ಸಾಯುವವರೆಗೂ ಹೇಳುತ್ತಿದ್ದ. ದ್ಯಾವಮ್ಮ ಒಂದು ದಿನವೂ ಹೇಳಲಿಲ್ಲ. ಅವಳು ಅಟ್ಟದಲ್ಲಿ ಬೆರಣಿ ಪೇರಿಸುತ್ತಿದ್ದಳು, ಒಲೆಗೆ ದೂರವಾಗಿ. ಕೆಂದೆತ್ತಿನ ಪಕ್ಕದ ಗೂಟ ಇನ್ನೂ ಎರಡು ವರ್ಷ ಖಾಲಿಯೇ ಇತ್ತು.

ಈಗ ಹೇಳಿ. ನಾಲ್ಕು ಹಲ್ಲಿನ ಬಿಳಿ ಎತ್ತು ನಿಮ್ಮ ಅಂಗಳದಲ್ಲಿ ನಿಂತಿದೆ, ಮಳೆ ಬಿದ್ದಿದೆ, ಮೂವತ್ತು ಬೆರಣಿ ನಿಮ್ಮ ಅಟ್ಟದಲ್ಲಿದೆ, ಬೇಲಿಯ ಆಚೆ ಯಾರೂ ಬಾಯಿಬಿಟ್ಟು ಕೇಳುತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?