ಏರಿಸಿಟ್ಟ ಶ್ರುತಿ

ಕೀಬೋರ್ಡಿನ ಮೂಲೆಯಲ್ಲಿದ್ದ, ಶ್ರುತಿ ಏರಿಸುವ ಗುಂಡಿಯನ್ನು ಆರ್ಗನ್ ಟೀಚರ್ ನಾಲ್ಕು ಸಲ ಒತ್ತಿದರು. ಪುಟ್ಟ ಪರದೆಯ ಮೇಲೆ ಕೆಂಪಗೆ ನಾಲ್ಕು ಮೂಡಿತು. ಇನ್ನು ಬೆರಳು ಎಂದಿನ ಜಾಗದಲ್ಲೇ ಓಡಾಡುತ್ತದೆ, ಹಾಡು ಮಾತ್ರ ನಾಲ್ಕು ಮೆಟ್ಟಿಲು ಮೇಲಿಂದ ಹೊರಡುತ್ತದೆ. ಮೈಕಿನ ಮುಂದಿದ್ದ ತಂಗಿಯ ಮಗಳು ತಿರುಗಿ ನೋಡಿದಳು.

"ಶುರು ಮಾಡೋಣ್ವಾ ದೊಡ್ಡಮ್ಮ?"

"ಮಾಡು ಮಗಳೇ," ಎಂದರು ಟೀಚರ್, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

ಈ ಚರ್ಚಿನ ಆರ್ಗನ್ನನ್ನು ಅವರು ಮದುವೆಗೆ ಮುಂಚಿನಿಂದ ನುಡಿಸಿದವರು. ಈ ಹುಡುಗಿಗೆ ಮೊದಲ ಸ್ವರ ಹೇಳಿಕೊಟ್ಟವರೂ ಅವರೇ. ಹಾವಿಗೆ ಹಾಲೆರೆದ ಹಾಗಾಯಿತು. ಹೋದ ವರ್ಷ ಸಭೆಯಲ್ಲಿ ಎದ್ದು ನಿಂತು ಅವಳು, "ದೊಡ್ಡಮ್ಮನ ಕೀರ್ತನೆ ಕೇಳಿದ್ರೆ ಯಾರೋ ತೀರ್ಕೊಂಡ ಹಾಗಿರತ್ತೆ. ನಮ್ ವಯಸ್ಸಿನೋರು ಹೇಗೆ ಬರ್ತಾರೆ?" ಎಂದಿದ್ದಳು. ಜನ ನಕ್ಕರು. ಪಾದ್ರಿಗಳೂ ನಕ್ಕರು. ಅದನ್ನು ಟೀಚರ್ ಮರೆತಿಲ್ಲ, ಮರೆಯುವ ಇರಾದೆಯೂ ಇಲ್ಲ. ಡ್ರಮ್ಮು ಬಂತು, ಕೀಬೋರ್ಡು ಬಂತು, ಹಾಡಿನ ಸಾಲುಗಳು ಗೋಡೆಯ ಮೇಲೆ ಬೆಳಗಿದವು. ಆರ್ಗನ್ನಿಗೆ ಬಟ್ಟೆ ಹೊದಿಸಿ, ಮೇಲೊಂದು ಹೂದಾನಿ ಇಟ್ಟರು.

ಟೀಚರ್ ಕೈಕಟ್ಟಿ ಕೂರುವ ಪೈಕಿಯಲ್ಲ. ತಮ್ಮ ಹಳೆಯ ಗಾಯನ ಮೇಳದ ಹೆಂಗಸರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, "ಹೊಸ ಹಾಡಿಗೆ ಒಬ್ರೂ ಬಾಯಿ ಬಿಡ್ಕೂಡ್ದು," ಎಂದು ಅಪ್ಪಣೆ ಕೊಟ್ಟರು. ಅವರ ಜೀವದ ಗೆಳತಿ ಟೈಲರಮ್ಮನಂತೂ, "ನನ್ ಬಾಯಿಗೆ ಹೊಲಿಗೆ ಬಿತ್ತು ಅಂತ ತಿಳ್ಕೊ," ಎಂದಿದ್ದಳು. ವರ್ಷವಿಡೀ ಆ ಬೆಂಚು ತುಟಿ ಬಿಚ್ಚಲಿಲ್ಲ.

ಕೀಬೋರ್ಡು ನುಡಿಸುತ್ತಿದ್ದವನು ಹುಡುಗಿಯ ಗಂಡ. ಅವನು ಮೊನ್ನೆ ಕೈ ಉಳುಕಿಸಿಕೊಂಡ. ನಿನ್ನೆ ಅವಳು ಬಂದು ಬಾಗಿಲಲ್ಲೇ ನಿಂತು, "ಒಂದು ವಾರ ಸುಧಾರಿಸ್ಕೊಡಿ ದೊಡ್ಡಮ್ಮ," ಎಂದು ಬೇಡಿದಳು. ಟೀಚರ್ ಎರಡನೆಯ ಮಾತಾಡದೆ ಒಪ್ಪಿದರು. ಅವಳ ದನಿ ಎಲ್ಲಿಯವರೆಗೆ ಏರುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ಅವರಿಗಲ್ಲದೆ ಇನ್ಯಾರಿಗೆ ಗೊತ್ತು?

ಹಾಡಿನ ಮೊದಲ ಸಾಲುಗಳು ತಗ್ಗಿನಲ್ಲೇ ಸುಳಿದಾಡುತ್ತವೆ. ಹಾಗಾಗಿ ಹುಡುಗಿಗೆ ಏನೂ ಅನುಮಾನ ಬರಲಿಲ್ಲ. ಅಲ್ಲಿಂದ ಪಲ್ಲವಿಗೆ ಏರಿದಾಗ ಅವಳ ಕತ್ತಿನ ನರ ಉಬ್ಬಿತು. ತುದಿಯ ಸ್ವರಕ್ಕೆ ಬಂದಾಗ ದನಿ ಸೀಳಿ, ಕೀರಲಾಗಿ, ನಿಂತೇ ಹೋಯಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟೀಚರಿಗೆ ಹೊಟ್ಟೆ ತಣ್ಣಗಾಯಿತು. ನಗಲಿ, ಚೆನ್ನಾಗಿ ನಗಲಿ. ಪಾದ್ರಿಗಳ ಮುಖ ಹೇಗಾಗಿದೆಯೋ ನೋಡೋಣವೆಂದು ಕತ್ತೆತ್ತಿದರು.

ಅಷ್ಟರಲ್ಲಿ ಹಿಂದಿನಿಂದ ಅದೇ ಸ್ವರ ಗಂಟೆ ಹೊಡೆದಂತೆ ಬಂತು. ಟೈಲರಮ್ಮ ಎದ್ದು ನಿಂತಿದ್ದಳು. ಅವಳ ಹಿಂದೆಯೇ ಇಡೀ ಬೆಂಚು ಎದ್ದಿತು. ಮುಂದಿನವರು ತಪ್ಪಿದರೆ ಹಿಂದಿನವರು ಹಿಡಿಯಬೇಕು, ಹಾಡು ನೆಲಕ್ಕೆ ಬೀಳಬಾರದು ಎಂದು ಅವರಿಗೆಲ್ಲ ಮೇಜು ಕುಟ್ಟಿ ಕಲಿಸಿದವರು ಟೀಚರೇ. ಆ ಎತ್ತರವೂ ಅವರೇ ಪಳಗಿಸಿದ ಗಂಟಲುಗಳದ್ದು. ವರ್ಷವಿಡೀ ಬಾಯಿ ಮುಚ್ಚಿ ಕೇಳಿದ ಹಾಡಿನಲ್ಲಿ ಒಂದಕ್ಷರ ತಪ್ಪಲಿಲ್ಲ. ಹರೆಯದವರು ಹಿಂತಿರುಗಿ ನೋಡಿ, ಎದ್ದು, ದನಿ ಕೂಡಿಸಿದರು. ನಿಲ್ಲಿಸಿಬಿಡಬೇಕೆಂದು ಟೀಚರಿಗೆ ಮೈಯೆಲ್ಲ ಉರಿಯಿತು. ಆದರೆ ಹಾಡಿನ ನಡುವೆ ಕೀಬೋರ್ಡಿನಿಂದ ಕೈ ಎತ್ತಿ ಅವರಿಗೆ ಅಭ್ಯಾಸವಿರಲಿಲ್ಲ.

ಆರಾಧನೆ ಮುಗಿದದ್ದೇ ಟೈಲರಮ್ಮ ಕೆನ್ನೆ ಕೆಂಪಾಗಿಸಿಕೊಂಡು ಬಂದಳು. "ಎಷ್ಟ್ ದಿನ ಆಗಿತ್ತು ಕಣೇ ಹೀಗೆ ಗಂಟಲು ಬಿಟ್ಟು. ನಮಗೋಸ್ಕರಾನೇ ಮೇಲಕ್ಕೆ ಏರಿಸಿಟ್ಟೆ, ಅಲ್ವಾ?"

ವೈರು ಸುತ್ತುತ್ತಿದ್ದ ಹುಡುಗಿಯ ಕೈ ನಿಂತಿತು. ಟೀಚರ್ ಅಂಗೈಯಿಂದ ಪರದೆ ಮುಚ್ಚುವಷ್ಟರಲ್ಲಿ ಅವಳು ಆ ನಾಲ್ಕನ್ನು ನೋಡಿಯಾಗಿತ್ತು. ಅವಳ ಅತ್ತ ಕಣ್ಣುಗಳು ಇನ್ನೂ ಕೆಂಪಗಿದ್ದವು.

"ಅದನ್ನ ಇಳಿಸ್ಬೇಡಿ ದೊಡ್ಡಮ್ಮ, ಹಾಗೇ ಇರ್ಲಿ," ಎಂದಳು, ಮೆತ್ತಗೆ. "ಪಾದ್ರಿಗಳನ್ನ ಈಗಲೇ ಕೇಳ್ಕೊಂಡು ಬರ್ತೀನಿ. ಇನ್ಮೇಲೆ ಪ್ರತಿ ವಾರ ನೀವೇ ಬಾರಿಸಿ, ಇವ್ರೇ ಹಾಡ್ಲಿ. ನಮ್ಮ ಹೊಸ ಹಾಡುಗಳನ್ನೇ."

ಬೆಣ್ಣೆಯಲ್ಲಿ ಕೂದಲು ತೆಗೆಯುವುದನ್ನೂ ಹುಡುಗಿ ಅವರಿಂದಲೇ ಕಲಿತಿದ್ದಳು. ಟೀಚರ್ ಅಂಗೈ ಎತ್ತದೆ ಕೂತೇ ಇದ್ದರು. ಅತ್ತ ಟೈಲರಮ್ಮ ಆರ್ಗನ್ನಿನ ಮೇಲಿದ್ದ ಹೂದಾನಿಯನ್ನೆತ್ತಿ, ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬಿ, ಆ ಹಾಡನ್ನೇ ಗುನುಗುತ್ತ ಮೊದಲಿದ್ದ ಜಾಗದಲ್ಲೇ ಇಟ್ಟಳು.